ತಾಳ ತಪ್ಪಿದ ಎದೆಬಡಿತ: ಮಾತ್ರೆ ತೆಗೆದುಕೊಳ್ಳುವ ಕ್ರಮ, ಗಡಿನಾಡಿನ ಮನೆಗಳಿಗೆ

ಮಂಗಳೂರಿನಲ್ಲಿ ಇಸಿಜಿ ತೆಗೆದು, ಚೀಟಿಯ ಮೇಲೆ 'ಏಟ್ರಿಯಲ್ ಫಿಬ್ರಿಲೇಶನ್' ಎಂದು ಬರೆದು, ನಾಲ್ಕೈದು ಬಗೆಯ ಮಾತ್ರೆ ಕೊಟ್ಟು ಕಳಿಸುತ್ತಾರೆ. ಬಸ್ಸು ತಲಪಾಡಿಯ ಗಡಿ ದಾಟಿ ಕಾಸರಗೋಡಿನ ಉಪ್ಪಳ ಮುಟ್ಟುವಷ್ಟರಲ್ಲಿ ಯಾವ ಮಾತ್ರೆ ಯಾವುದಕ್ಕೆ ಎನ್ನುವುದು ಅರ್ಧ ಮರೆತಿರುತ್ತದೆ. ತಿಂಗಳೊಳಗೆ ಎದೆ ಡವಗುಟ್ಟುವುದು ಕಡಿಮೆಯಾಗುತ್ತದೆ. ಆಗ ಹೆಚ್ಚಿನವರು ಮೊದಲು ಕೈಬಿಡುವುದು ರಕ್ತ ತೆಳು ಮಾಡುವ ಮಾತ್ರೆಯನ್ನು. ಅದನ್ನು ನುಂಗಿದರೂ ಮೈಗೆ ಏನೂ ಗೊತ್ತಾಗುವುದಿಲ್ಲ, ಬಿಟ್ಟರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪಕ್ಷವಾತ ಹೊಡೆದ ದಿನ. ಅದಕ್ಕೇ ಈ ಲೇಖನದಲ್ಲಿ ಆ ಒಂದು ಮಾತ್ರೆಗೆ ಹೆಚ್ಚು ಜಾಗ ಕೊಟ್ಟಿದೆ.

ಒಳಗೆ ಆಗುವುದು ಇಷ್ಟು. ಹೃದಯದ ಮೇಲಿನ ಎರಡು ಕೋಣೆಗಳು ಹದವಾಗಿ ಹಿಂಡಿಕೊಳ್ಳುವುದನ್ನು ಬಿಟ್ಟು ಸುಮ್ಮನೆ ಅದುರುತ್ತಿರುತ್ತವೆ. ಎಡ ಮೇಲ್ಕೋಣೆಯ ಬದಿಯಲ್ಲಿ ಕಿವಿಯ ಆಕಾರದ ಸಣ್ಣ ಚೀಲವೊಂದಿದೆ. ಅಲ್ಲಿ ರಕ್ತ ತೋಟದ ಕಣಿಯಲ್ಲಿ ನೀರು ನಿಂತ ಹಾಗೆ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ಜಾರಿ ಮಿದುಳಿನ ನಾಳಕ್ಕೆ ಸಿಕ್ಕಿಕೊಂಡರೆ ಪಕ್ಷವಾತ. ಈ ತೊಂದರೆ ಇರುವವರಿಗೆ ಪಕ್ಷವಾತದ ಸಂಭವ ಉಳಿದವರಿಗಿಂತ ಸುಮಾರು 5 ಪಟ್ಟು. ರಕ್ತ ತೆಳು ಮಾಡುವ ಮಾತ್ರೆ ಕ್ರಮವಾಗಿ ತೆಗೆದುಕೊಂಡರೆ ಅದರಲ್ಲಿ ಸುಮಾರು ಮೂರನೇ ಎರಡು ಪಾಲು ತಪ್ಪುತ್ತದೆ. ಎದೆಬಡಿತ ತಾಳಕ್ಕೆ ಮರಳಿದಂತೆ ಅನ್ನಿಸಿದರೂ ಈ ಅಪಾಯ ಹೋಗಿರುವುದಿಲ್ಲ, ಏಕೆಂದರೆ ನಡುನಡುವೆ ಬಂದು ಹೋಗುವ ಅದುರುವಿಕೆ ಎಷ್ಟೋ ಸಲ ನಮ್ಮ ಗಮನಕ್ಕೇ ಬರುವುದಿಲ್ಲ. ಇನ್ನು 'ಆಸ್ಪಿರಿನ್ ತಿನ್ನುತ್ತಿದ್ದೇನಲ್ಲ, ಸಾಕಲ್ಲ' ಎನ್ನುವ ಮಾತು. ಸಾಲದು. ಈ ಹೆಪ್ಪನ್ನು ತಡೆಯಲು ಆಸ್ಪಿರಿನ್‌ಗೆ ಆಗುವುದಿಲ್ಲ, ಆದರೆ ಹೊಟ್ಟೆಯೊಳಗೆ ರಕ್ತಸ್ರಾವ ಮಾಡಲು ಧಾರಾಳ ಆಗುತ್ತದೆ.

ಮೊದಲ ದಿನ: ಚೀಲ ಸುರಿದು ವಿಂಗಡಿಸುವುದು

ಮನೆಯಲ್ಲಿರುವ ಎಲ್ಲ ಮಾತ್ರೆ ಹಾಳೆಗಳನ್ನೂ ಮೇಜಿನ ಮೇಲೆ ಸುರಿಯಿರಿ. ಹೊಸ ಚೀಟಿಯವು ಮಾತ್ರ ಸಾಲದು. ಆರೋಗ್ಯ ಕೇಂದ್ರದಿಂದ ತಂದ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯದು, ಗಂಟುನೋವಿಗೆ ತಂದು ಉಳಿದದ್ದು, ಕಷಾಯದ ಬಾಟಲಿ, ಅರಿಷ್ಟ, ಎಲ್ಲವೂ ಬರಲಿ. ಹಾಳೆಯ ಮೇಲೆ ದೊಡ್ಡದಾಗಿ ಇರುವುದು ಕಂಪೆನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ರಾಸಾಯನಿಕ ಹೆಸರು. ನಮಗೆ ಬೇಕಾದ್ದು ಆ ಸಣ್ಣ ಅಕ್ಷರ. ಕಣ್ಣು ಮಂದವಾಗಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಈಗ ಮೂರು ಗುಂಪು ಮಾಡಿ.

ಮೊದಲನೆಯದು ಬಡಿತದ ವೇಗ ಇಳಿಸುವವು: ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಅಟೆನೊಲಾಲ್, ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್. ಎರಡನೆಯದು ತಾಳವನ್ನೇ ಸರಿಪಡಿಸಲು ಹೊರಟವು: ಅಮಿಯೊಡರಾನ್, ಸೊಟಲಾಲ್, ಫ್ಲೆಕನೈಡ್, ಪ್ರೊಪಾಫೆನೋನ್. ಮೂರನೆಯದು ರಕ್ತ ತೆಳು ಮಾಡುವವು: ಅಸೆನೊಕೌಮರಾಲ್ (ಹೆಚ್ಚಿನವರು ಇದನ್ನು 'ಅಸಿಟ್ರೋಮ್' ಎಂಬ ಹೆಸರಿನಿಂದಲೇ ಬಲ್ಲರು), ವಾರ್ಫರಿನ್, ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್.

ವಿಂಗಡಿಸುವಾಗ ಒಂದು ತಪ್ಪನ್ನು ಮುಖ್ಯವಾಗಿ ಹುಡುಕಬೇಕು. ಗಡಿನಾಡಿನ ಮನೆಗಳಲ್ಲಿ ಅದು ಸುಲಭವಾಗಿ ಆಗುವಂಥದ್ದು, ಕಾರಣ ನಮಗೆ ಎರಡು ಕಡೆಯ ವೈದ್ಯರು. ಊರಿನ ಕುಟುಂಬಾರೋಗ್ಯ ಕೇಂದ್ರದಲ್ಲಿ ಬಿಪಿಗೆಂದು ಅಟೆನೊಲಾಲ್ ಕೊಟ್ಟಿರುತ್ತಾರೆ. ಮಂಗಳೂರಿನ ಹೃದಯತಜ್ಞರು ಮೆಟೊಪ್ರೊಲಾಲ್ ಬರೆಯುತ್ತಾರೆ. ಅವರ ಚೀಟಿ ಇವರು ನೋಡಿಲ್ಲ, ಇವರದ್ದು ಅವರು ನೋಡಿಲ್ಲ. 'ಲಾಲ್' ಎಂದು ಕೊನೆಗೊಳ್ಳುವ ಹೆಸರುಗಳೆಲ್ಲ ಬಹುಮಟ್ಟಿಗೆ ಒಂದೇ ಮನೆತನದವು. ಎರಡನ್ನೂ ನುಂಗಿದರೆ ನಾಡಿ 40ಕ್ಕೆ ಇಳಿದು, ಬೆಳಿಗ್ಗೆ ಏಳುವಾಗ ತಲೆ ಸುತ್ತಿ ಬೀಳುವವರಿದ್ದಾರೆ. ('ರಾಲ್' ಎಂದು ಕೊನೆಗೊಳ್ಳುವ ಅಸೆನೊಕೌಮರಾಲ್‌ಗೆ ಈ ನೆಂಟಸ್ತಿಕೆ ಇಲ್ಲ.) ಇದೇ ಮನೆತನದ ಮಾತ್ರೆಯ ಜೊತೆ ವೆರಪಾಮಿಲ್ ಅಥವಾ ಡಿಲ್ಟಿಯಾಜೆಮ್ ಸೇರಿದ್ದು ಕಂಡರೂ ವೈದ್ಯರಿಗೆ ಹೇಳಿ. ಗೊತ್ತಿದ್ದೇ ಕೊಟ್ಟಿರಬಹುದು, ಕೇಳುವುದರಲ್ಲಿ ನಷ್ಟವಿಲ್ಲ. ಆದರೆ ಎರಡು ಸಿಕ್ಕಿತೆಂದು ನೀವೇ ಒಂದನ್ನು ಥಟ್ಟನೆ ನಿಲ್ಲಿಸಬೇಡಿ. ಈ ಮನೆತನದ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಬಡಿತ ಹುಚ್ಚೆದ್ದು ಓಡುತ್ತದೆ, ಕೆಲವರಿಗೆ ಎದೆನೋವೂ ಬರುತ್ತದೆ. ಅದೇ ದಿನ ಫೋನ್ ಮಾಡಿ ಕೇಳಿ.

ಉಬ್ಬಸ ಇರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಈ ವಿಷಯವನ್ನು ಮುಂಚೆಯೇ ಹೇಳಬೇಕು. ಸಕ್ಕರೆ ತೀರಾ ಇಳಿದಾಗ ಆಗುವ ಕೈನಡುಕ, ಎದೆಹೊಡೆತವನ್ನು ಈ 'ಲಾಲ್' ಮಾತ್ರೆಗಳು ಮುಚ್ಚಿಬಿಡುತ್ತವೆ. ಬೆವರುವುದೊಂದೇ ಉಳಿಯುವ ಸೂಚನೆ.

ಚೀಟಿಯ ಭಾಷೆ

ಕಾಸರಗೋಡಿನಲ್ಲಿ ಔಷಧ ಕೊಡುವವರು ಕವರಿನ ಮೇಲೆ ಮಲಯಾಳದಲ್ಲಿ ಬರೆದುಕೊಡುವುದು ಸಾಮಾನ್ಯ. ಮನೆಯ ಹಿರಿಯರಿಗೆ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. 'ರಾವಿಲೆ' ಬೆಳಿಗ್ಗೆ, 'ಉಚ್ಚಯ್ಕ್' ಮಧ್ಯಾಹ್ನ, 'ವೈಕುನ್ನೇರಂ' ಸಂಜೆ. 'ಮುನ್ಪ್' ಎಂದರೆ ಊಟಕ್ಕೆ ಮೊದಲು, 'ಶೇಷಂ' ಎಂದರೆ ಊಟವಾದ ಮೇಲೆ. ಕನ್ನಡದ 'ಶೇಷ'ದ ಲೆಕ್ಕ ಇಲ್ಲಿ ಹಿಡಿಯಬೇಡಿ. 'ಪಕುತಿ' ಎಂದರೆ ಅರ್ಧ. ಇವುಗಳಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದ್ದು 'ಒನ್ನಿಡವಿಟ್ಟ ದಿವಸಂ' ಎನ್ನುವುದಕ್ಕೆ. ಅದು ದಿನ ಬಿಟ್ಟು ದಿನ. ಅಸೆನೊಕೌಮರಾಲ್ 2 ಮಿ.ಗ್ರಾಂ ಒಂದು ದಿನ, 3 ಮಿ.ಗ್ರಾಂ ಮರುದಿನ ಎಂದು ಬರೆಯುವುದುಂಟು. ಅದನ್ನು ತಪ್ಪಾಗಿ ತಿಳಿದು ದಿನಾ ಎರಡನ್ನೂ ನುಂಗಿದರೆ 5 ಮಿ.ಗ್ರಾಂ ಆಯಿತು. ವಾರದೊಳಗೆ ಒಸಡಿನಲ್ಲಿ ರಕ್ತ.

ಔಷಧ ಅಂಗಡಿಯಲ್ಲೇ ನಿಂತು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿಸಿಕೊಂಡು, ಅಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಅಂಟುಪಟ್ಟಿಯ ತುಂಡಿನಲ್ಲಿ 'ರಕ್ತ ತೆಳು – ರಾತ್ರಿ 8', 'ವೇಗಕ್ಕೆ – ಬೆಳಿಗ್ಗೆ ತಿಂಡಿ ಆದ ಮೇಲೆ' ಎಂದು ಬರೆದು ಹಾಳೆಯ ಹಿಂದೆ ಅಂಟಿಸಿ. ಹೆಸರು, ಮಿ.ಗ್ರಾಂ, ಅವಧಿ ಮುಗಿಯುವ ದಿನಾಂಕ ಮುಚ್ಚಿಹೋಗದ ಹಾಗೆ ಅಂಟಿಸಬೇಕು. ಮಾತ್ರೆ ಕತ್ತರಿಸುವಾಗ ಹಾಳೆಯನ್ನೂ ಕತ್ತರಿಸಿ ಹೆಸರಿದ್ದ ತುದಿ ಬಿಸಾಡುವ ಅಭ್ಯಾಸ ಬಿಡಿ.

ನಾಡಿ ಎಣಿಸುವ ಬಗೆ

1. ಎದ್ದು ಮುಖ ತೊಳೆದು, ಚಹಾ ಕುಡಿಯುವ ಮೊದಲು, ಎಲೆ ಅಡಿಕೆ ಬಾಯಿಗೆ ಹಾಕುವ ಮೊದಲು, 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಹೊಗೆಸೊಪ್ಪು ಸೇರಿದ ಎಲೆ ಅಡಿಕೆ ಬಡಿತವನ್ನು ಏರಿಸುತ್ತದೆ, ಲೆಕ್ಕ ಕೆಡುತ್ತದೆ.

2. ಎಡಗೈ ಅಂಗಾತ ತೊಡೆಯ ಮೇಲಿಡಿ. ಬಲಗೈಯ ತೋರುಬೆರಳು, ನಡುಬೆರಳುಗಳನ್ನು ಎಡ ಹೆಬ್ಬೆರಳಿನ ಬುಡದ ನೇರಕ್ಕೆ, ಮಣಿಕಟ್ಟಿನ ಮೂಳೆಗೂ ನರಕ್ಕೂ ನಡುವಿನ ತಗ್ಗಿನಲ್ಲಿ ಹಗುರಾಗಿ ಒತ್ತಿ. ಹೆಬ್ಬೆರಳಿನಿಂದ ಒತ್ತಿ ನೋಡಬೇಡಿ, ಅದರದೇ ಮಿಡಿತ ಸಿಗುತ್ತದೆ.

3. ಗಡಿಯಾರ ನೋಡಿಕೊಂಡು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಸರಿಯಾದ ತಾಳದ ಹೃದಯಕ್ಕೆ ಆದೀತು. ಇಲ್ಲಿ ಮೂರು ಬಡಿತ ಒಟ್ಟೊಟ್ಟಿಗೆ ಬಂದು ನಾಲ್ಕನೆಯದು ತಡೆದು ಬರುತ್ತದೆ, ಕಾಲು ನಿಮಿಷದ ಲೆಕ್ಕ ಸುಳ್ಳು ಹೇಳುತ್ತದೆ.

4. ದಿನಾಂಕ, ಸಮಯ, ಸಂಖ್ಯೆಯನ್ನು ಇದಕ್ಕೆಂದೇ ಇಟ್ಟ ಒಂದು ಪುಸ್ತಕದಲ್ಲಿ ಬರೆದಿಡಿ. ಪಕ್ಕದಲ್ಲಿ 'ಸಮ' ಅಥವಾ 'ಏರುಪೇರು' ಎಂದು ಒಂದು ಪದ.

ಮಣಿಕಟ್ಟಿನಲ್ಲಿ 64 ಸಿಕ್ಕರೂ ಎದೆಯಲ್ಲಿ 80 ಇರಬಹುದು. ದುರ್ಬಲ ಬಡಿತಗಳು ಕೈವರೆಗೆ ಮುಟ್ಟುವುದಿಲ್ಲ. ಆದ್ದರಿಂದ ಒಂದು ದಿನದ ಅಂಕಿಗೆ ಹೆದರುವುದಕ್ಕಿಂತ ವಾರದ ಸಾಲು ನೋಡುವುದು ಮೇಲು. ಸುಮ್ಮನೆ ಕುಳಿತಾಗ 110ರ ಒಳಗಿರಲಿ ಎಂದು ಅನೇಕ ವೈದ್ಯರು ಹೇಳುತ್ತಾರೆ, ದಣಿವು, ಉಸಿರುಕಟ್ಟು ಇರುವವರಿಗೆ 80ರ ಒಳಗೆ ತರಲು ನೋಡುತ್ತಾರೆ. ನಿಮ್ಮದು ಯಾವುದೆಂದು ಕೇಳಿ, ದಪ್ಪ ಅಕ್ಷರದಲ್ಲಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. 50ಕ್ಕಿಂತ ಕೆಳಗಿಳಿದು ತಲೆ ಹಗುರವಾದರೆ ವೇಗ ಇಳಿಸುವ ಮುಂದಿನ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ. ಮನೆಯ ಬಿಪಿ ಯಂತ್ರವೂ ತಾಳ ತಪ್ಪಿದಾಗ ತಡವರಿಸುತ್ತದೆ. ಒಂದೆರಡು ನಿಮಿಷ ಬಿಟ್ಟು ಮೂರು ಸಲ ನೋಡಿ ಸರಾಸರಿ ಬರೆಯಿರಿ.

ಮೆಟೊಪ್ರೊಲಾಲ್ ಹಾಳೆಯಲ್ಲಿ ಎಕ್ಸ್‌ಎಲ್, ಇಆರ್ ಎಂಬ ಅಕ್ಷರಗಳಿದ್ದರೆ ಅದು ದಿನವಿಡೀ ನಿಧಾನವಾಗಿ ಕರಗುವ ಮಾತ್ರೆ. ನಡುಗೆರೆ ಇದ್ದರೆ ಅರ್ಧ ಮಾಡಬಹುದು, ಜಜ್ಜುವುದು, ಜಗಿಯುವುದು ಕೂಡದು. ನುಂಗಲು ಕಷ್ಟವೆಂದು ಗಂಜಿಯಲ್ಲಿ ಪುಡಿ ಮಾಡಿ ಹಾಕಿದರೆ ಇಡೀ ದಿನದ ಮದ್ದು ಒಂದೇ ಗಂಟೆಯಲ್ಲಿ ಮೈಗೆ ಏರುತ್ತದೆ.

ಅಸೆನೊಕೌಮರಾಲ್, ವಾರ್ಫರಿನ್: ರಕ್ತಪರೀಕ್ಷೆಯೂ ಆಟಿಯ ಸೊಪ್ಪೂ

ಸಣ್ಣಂದಿನ ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ (ಹೃದಯದ ಎಡಬದಿಯ ಎರಡು ಕೋಣೆಗಳ ನಡುವಿನ ಬಾಗಿಲು) ಕಿರಿದಾದವರಿಗೆ, ಲೋಹದ ಕವಾಟ ಹಾಕಿಸಿಕೊಂಡವರಿಗೆ ಈ ಹಳೆಯ ಮಾತ್ರೆಗಳೇ ಗತಿ. 'ಈಗ ಪರೀಕ್ಷೆಯೇ ಬೇಡದ ಹೊಸ ಮಾತ್ರೆ ಬಂದಿದೆಯಂತೆ' ಎಂದು ನೆರೆಯವರು ಹೇಳಿದರೆ ಬದಲಿಸಬೇಡಿ. ಸಂಧಿವಾತದ ಹೃದ್ರೋಗ ಇರುವವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ರಿವರಾಕ್ಸಬಾನ್ ತೆಗೆದುಕೊಂಡವರಿಗಿಂತ ಹಳೆಯ ಮಾತ್ರೆಯವರಲ್ಲೇ ಸಾವು ಕಡಿಮೆ ಕಂಡಿತು.

ಮಾತ್ರೆಯನ್ನು ಸಂಜೆ ಅಥವಾ ರಾತ್ರಿ, ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಕಾರಣ ಸರಳ: ಬೆಳಿಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನದೊಳಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ) ಫಲಿತಾಂಶ ಬರುತ್ತದೆ, ವೈದ್ಯರಿಗೆ ಆ ರಾತ್ರಿಯ ಪ್ರಮಾಣವನ್ನೇ ಬದಲಿಸಲು ಆಗುತ್ತದೆ. ಹೆಚ್ಚಿನವರಿಗೆ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು, ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರಿಗೆ 2.5ರಿಂದ 3.5. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ಸ್ರಾವ. ಶುರುವಿನಲ್ಲಿ ವಾರಕ್ಕೊಮ್ಮೆ ಅಥವಾ ಇನ್ನೂ ಬೇಗ, ಹದಕ್ಕೆ ಬಂದ ಮೇಲೆ ತಿಂಗಳಿಗೊಮ್ಮೆ ಪರೀಕ್ಷೆ. ಕುಂಬಳೆಯಲ್ಲಿ ಒಮ್ಮೆ, ಮಂಗಳೂರಿನಲ್ಲಿ ಒಮ್ಮೆ ಎಂದು ಅಲೆಯದೆ ಒಂದೇ ಲ್ಯಾಬಿಗೆ ಹೋಗಿ. ಫಲಿತಾಂಶ 5 ದಾಟಿದ್ದರೆ ರಕ್ತ ಬಾರದಿದ್ದರೂ ಅದೇ ದಿನ ವೈದ್ಯರಿಗೆ ತಿಳಿಸಿ.

ಪುಸ್ತಕದ ಒಂದು ಪುಟ ಹೀಗಿರಲಿ. ಮೇಲೆ ದಿನಾಂಕ ಮತ್ತು ಐಎನ್‌ಆರ್: 'ಆಗಸ್ಟ್ 4 – 1.6'. ಕೆಳಗೆ ಏಳು ದಿನಗಳ ಹೆಸರು, ಪ್ರತಿ ದಿನದ ಮುಂದೆ ಮಿ.ಗ್ರಾಂ, ಮಾತ್ರೆಯ ಸಂಖ್ಯೆ ಬರೆಯಬೇಡಿ, ಏಕೆಂದರೆ ಅಸೆನೊಕೌಮರಾಲ್ 1, 2, 3, 4 ಮಿ.ಗ್ರಾಂಗಳಲ್ಲಿ ಸಿಗುತ್ತದೆ, ಅಂಗಡಿಯಲ್ಲಿ 1ರ ಬದಲು 2 ಕೊಟ್ಟರೆ 'ಒಂದೂವರೆ ಮಾತ್ರೆ' ಎಂಬ ಲೆಕ್ಕ ದುಪ್ಪಟ್ಟಾಗುತ್ತದೆ. ನುಂಗಿದ ಕೂಡಲೇ ಗೀಟು ಹಾಕಿ. ಪುಟದ ಕೆಳಗೆ 'ಈ ವಾರ ಬದಲಾದದ್ದು' ಎಂದು ಒಂದು ಸಾಲು: ಜ್ವರ, ಭೇದಿ, ಹೊಸ ಮಾತ್ರೆ, ಪತ್ರೊಡೆ ಮೂರು ದಿನ. ಐಎನ್‌ಆರ್ ಏರಿದ್ದೇಕೆ, ಇಳಿದದ್ದೇಕೆ ಎಂದು ವೈದ್ಯರಿಗೆ ಹೇಳುವುದು ಆ ಸಾಲೇ.

ಪತ್ರೊಡೆಯ ಮಾತು ತಮಾಷೆಗೆ ಹೇಳಿದ್ದಲ್ಲ. ಈ ಮಾತ್ರೆಗಳು ಕೆಲಸ ಮಾಡುವುದು ವಿಟಮಿನ್ ಕೆ ಎಂಬುದಕ್ಕೆ ಅಡ್ಡಿ ಮಾಡಿ. ಹಸಿರು ಸೊಪ್ಪಿನಲ್ಲಿ ಅದು ತುಂಬಿದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತರಕಾರಿ ಕಡಿಮೆ, ಸೊಪ್ಪು ಹೆಚ್ಚು: ಕೆಸುವಿನ ಎಲೆಯ ಪತ್ರೊಡೆ, ತಗತೆ ಸೊಪ್ಪಿನ ಪಲ್ಯ, ನುಗ್ಗೆ ಸೊಪ್ಪು, ಹರಿವೆ, ಚಪ್ಪರದ ಬಸಳೆ, ತಿಮರೆ ಚಟ್ನಿ. ಮೇ ತಿಂಗಳಲ್ಲಿ 2.5 ಇದ್ದ ಐಎನ್‌ಆರ್ ಆಗಸ್ಟಿನಲ್ಲಿ 1.5ಕ್ಕೆ ಬಂದರೆ ಅಡುಗೆಮನೆಯ ಕಡೆಗೂ ಒಮ್ಮೆ ನೋಡಿ. ಹಾಗೆಂದು ಸೊಪ್ಪನ್ನೇ ಬಿಡುವುದು ಇನ್ನೊಂದು ತಪ್ಪು, ಆಗ ಸಣ್ಣ ವ್ಯತ್ಯಾಸಕ್ಕೂ ಐಎನ್‌ಆರ್ ಹಾರುತ್ತದೆ. ವಾರಕ್ಕೆ ಎರಡು ಸಲ ಒಂದು ಸೌಟು ಪಲ್ಯ ಎಂದಿದ್ದರೆ ವರ್ಷವಿಡೀ ಅಷ್ಟೇ ಇರಲಿ. ಆಟಿಯಲ್ಲಿ ಸೊಪ್ಪು ಹೆಚ್ಚೇ ತಿನ್ನುವ ಮನೆಯಾದರೆ ತಿಂಗಳ ಪರೀಕ್ಷೆಯನ್ನು ಆ ಎರಡು ತಿಂಗಳಲ್ಲಿ ಎರಡು ವಾರಕ್ಕೊಮ್ಮೆ ಮಾಡಿಸುವ ಬಗ್ಗೆ ಕೇಳಿ. ಪಥ್ಯ, ಜ್ವರ, ಭೇದಿಯಿಂದ ಊಟ ಸೇರದಿದ್ದರೆ ಇದರ ತಿರುಗುಮುರುಗು: ಐಎನ್‌ಆರ್ ಏರುತ್ತದೆ.

ಒಂದು ರಾತ್ರಿ ಮರೆತರೆ ಮಲಗುವ ಮೊದಲು ನೆನಪಾದಾಗ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಬಿಟ್ಟದ್ದು ಬಿಟ್ಟದ್ದೇ. ಎರಡು ಸೇರಿಸಿ ನುಂಗಬೇಡಿ, ಪುಸ್ತಕದಲ್ಲಿ ಸೊನ್ನೆ ಹಾಕಿ. ಅಸೆನೊಕೌಮರಾಲ್ ಮೈಯಿಂದ ವಾರ್ಫರಿನ್‌ಗಿಂತ ಬೇಗ ಇಳಿದು ಹೋಗುತ್ತದೆ, ಹಾಗಾಗಿ ಮರೆತದ್ದರ ಪರಿಣಾಮವೂ ಬೇಗ. ಇವೆರಡರ ಮಿ.ಗ್ರಾಂಗಳು ಸಮವಲ್ಲ. ಅದಿಲ್ಲ ಇದು ಕೊಡುತ್ತೇನೆ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

ಹೊಸ ಮಾತ್ರೆಗಳು

ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್‌ಗೆ ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ. ಈ ಸಲೀಸಿನಲ್ಲೇ ಅಪಾಯವಿದೆ: ಅರ್ಧ ದಿನದಲ್ಲಿ ಪರಿಣಾಮ ಇಳಿಯತೊಡಗುತ್ತದೆ, ಎರಡು ದಿನ ತಪ್ಪಿದರೆ ರಕ್ಷಣೆ ಇಲ್ಲವೆಂದೇ ತಿಳಿಯಿರಿ.

ಅಪಿಕ್ಸಬಾನ್ ದಿನಕ್ಕೆ ಎರಡು ಸಲ, ಬೆಳಿಗ್ಗೆ 8, ರಾತ್ರಿ 8. ಊಟಕ್ಕೆ ಮೊದಲೋ ಆಮೇಲೋ ಎನ್ನುವುದು ಮುಖ್ಯವಲ್ಲ. ಸಾಮಾನ್ಯ ಪ್ರಮಾಣ 5 ಮಿ.ಗ್ರಾಂ. ವಯಸ್ಸು 80 ಅಥವಾ ಹೆಚ್ಚು, ತೂಕ 60 ಕಿಲೋ ಅಥವಾ ಕಡಿಮೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಇದ್ದರೆ 2.5ಕ್ಕೆ ಇಳಿಸುತ್ತಾರೆ. ನಮ್ಮಲ್ಲಿ 60 ಕಿಲೋಗಿಂತ ಸಪೂರ ಇರುವವರೇ ಬಹಳ. ಅದೊಂದೇ ಕಾರಣಕ್ಕೆ ಅರ್ಧ ಪ್ರಮಾಣ ಬರೆದಿದ್ದರೆ ಏಕೆಂದು ವಿನಯದಿಂದ ಕೇಳಿ.

ರಿವರಾಕ್ಸಬಾನ್ ದಿನಕ್ಕೆ ಒಂದು, ಹೊಟ್ಟೆ ತುಂಬ ಊಟದ ಜೊತೆ. 20 ಮಿ.ಗ್ರಾಂ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿದರೆ ಸುಮಾರು ಮೂರನೇ ಎರಡು ಪಾಲು ಮಾತ್ರ ಮೈಗೆ ಸೇರುತ್ತದೆ. ಏಕಾದಶಿ, ಸೋಮವಾರ, ಸಂಕಷ್ಟಿ ಎಂದು ಒಪ್ಪೊತ್ತು ಮಾಡುವವರು, ರಂಜಾನ್ ಉಪವಾಸ ಹಿಡಿಯುವವರು ಇದನ್ನು ಮೊದಲೇ ವೈದ್ಯರಿಗೆ ಹೇಳಿ ದೊಡ್ಡ ಊಟದ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ರಾತ್ರಿ ಎರಡು ಬಿಸ್ಕೆಟು ತಿಂದು ಅದರ ಮೇಲೆ ನುಂಗಿದರೆ ಊಟ ಎನ್ನಿಸಿಕೊಳ್ಳುವುದಿಲ್ಲ.

ಡಾಬಿಗಟ್ರಾನ್ ಕ್ಯಾಪ್ಸೂಲನ್ನು ಬಿಚ್ಚಿ ಒಳಗಿನ ಕಾಳುಗಳನ್ನು ನುಂಗಬೇಡಿ, ಬಿಚ್ಚಿದರೆ ರಕ್ತಕ್ಕೆ ಸೇರುವ ಮದ್ದು ವಿಪರೀತ ಹೆಚ್ಚುತ್ತದೆ. ಒಂದು ಲೋಟ ನೀರಿನ ಜೊತೆ ಕುಳಿತು ನುಂಗಿ, ಕೂಡಲೇ ಮಲಗಬೇಡಿ, ಎದೆ ಉರಿಯುತ್ತದೆ. ಮೂಲ ಹಾಳೆಯಲ್ಲೇ ಇರಲಿ. ಮಳೆಗಾಲದ ನಮ್ಮ ಗಾಳಿಯ ಪಸೆ ಅದಕ್ಕೆ ಆಗದು, ವಾರದ ಡಬ್ಬಿಗೆ ಬಿಡಿಸಿ ಹಾಕಬಾರದು.

ಮರೆತರೆ: ದಿನಕ್ಕೆ ಎರಡು ಸಲದ್ದಾದರೆ 6 ಗಂಟೆಯೊಳಗೆ, ಒಂದು ಸಲದ್ದಾದರೆ 12 ಗಂಟೆಯೊಳಗೆ ನೆನಪಾದಾಗ ತೆಗೆದುಕೊಳ್ಳಿ. ಮೀರಿದ್ದರೆ ಬಿಟ್ಟು ಮುಂದಿನದ್ದಕ್ಕೆ ಕಾಯಿರಿ. ಮೂತ್ರಪಿಂಡದ ಪರೀಕ್ಷೆ ವರ್ಷಕ್ಕೆ ಒಮ್ಮೆಯಾದರೂ ಬೇಕು, ಹಿರಿಯರಿಗೆ ಆರು ತಿಂಗಳಿಗೆ. ಇವುಗಳನ್ನು ಈಗ ಹಲವು ಕಂಪೆನಿಗಳು ತಯಾರಿಸುತ್ತವೆ, ಬೆಲೆಯಲ್ಲಿ ಬಹಳ ಅಂತರ. ಕಾರುಣ್ಯ ಫಾರ್ಮಸಿಯಲ್ಲಿ, ಜನೌಷಧಿ ಮಳಿಗೆಯಲ್ಲಿ ರಾಸಾಯನಿಕ ಹೆಸರು ಹೇಳಿ ವಿಚಾರಿಸಿ. ದುಬಾರಿಯೆಂದು ದಿನಕ್ಕೆ ಎರಡರ ಬದಲು ಒಂದು ನುಂಗುವುದಕ್ಕಿಂತ ವೈದ್ಯರಿಗೆ ನೇರ ಹೇಳಿ ಅಗ್ಗದ್ದಕ್ಕೆ ಬದಲಿಸಿಕೊಳ್ಳುವುದು ಸಾವಿರ ಪಾಲು ಲೇಸು.

ಅಮಿಯೊಡರಾನ್ ನುಂಗುವವರಿಗೆ

ಬಲವಾದ ಮದ್ದು, ಬೇರೆಯವು ಸೋತಲ್ಲಿ ಕೆಲಸ ಮಾಡುತ್ತದೆ, ಆದರೆ ಲೆಕ್ಕ ಇಟ್ಟು ತಿನ್ನಬೇಕಾದದ್ದು. ಸಾಮಾನ್ಯವಾಗಿ 200 ಮಿ.ಗ್ರಾಂ ಒಂದು ವಾರ ದಿನಕ್ಕೆ ಮೂರು, ಮುಂದಿನ ವಾರ ಎರಡು, ಆಮೇಲೆ ಒಂದು ಎಂದು ಇಳಿಸುತ್ತಾರೆ. ಈ ಇಳಿಸುವ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂರು ಮಾತ್ರೆಯನ್ನೇ ತಿಂಗಳುಗಟ್ಟಲೆ ಮುಂದುವರಿಸಿ ನಾಡಿ ಕುಸಿದು ಬರುವವರು ಉಂಟು.

ಒಂದು ಮಾತ್ರೆಯಲ್ಲಿ ಸುಮಾರು 75 ಮಿ.ಗ್ರಾಂ ಅಯೋಡಿನ್ ಇದೆ. ಥೈರಾಯ್ಡ್ ಎರಡೂ ದಿಕ್ಕಿಗೆ ಕೆಡಬಹುದು. ಶುರು ಮಾಡುವ ಮೊದಲು, ಆಮೇಲೆ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ. ವಾರಗಟ್ಟಲೆ ಬಿಡದ ಒಣಕೆಮ್ಮು, ಗುಡ್ಡ ಹತ್ತುವಾಗ ಹೊಸದಾಗಿ ಏದುಸಿರು ಕಂಡರೆ ಮಳೆಗಾಲದ ಕೆಮ್ಮೆಂದು ತಳ್ಳಿಹಾಕದೆ ತೋರಿಸಿ, ಶ್ವಾಸಕೋಶಕ್ಕೆ ತಗಲಿರಬಹುದು.

ಬಿಸಿಲು ಇನ್ನೊಂದು ಸಂಗತಿ. ಅಂಗಳದಲ್ಲಿ ಅಡಿಕೆ ಹರಗಿ, ಮಗುಚಿ, ಸಂಜೆ ಗುಡಿಸುವವರಿಗೆ ಮುಖ, ಮುಂಗೈ ಸುಟ್ಟ ಹಾಗೆ ಕೆಂಪಾಗುತ್ತದೆ. ವರ್ಷಗಟ್ಟಲೆ ತಿಂದವರಲ್ಲಿ ಕೆಲವರಿಗೆ ಚರ್ಮ ನೀಲಿ-ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ 10ರೊಳಗೆ, ಸಂಜೆ 4ರ ಮೇಲೆ ಅಂಗಳಕ್ಕಿಳಿಯಿರಿ, ಉದ್ದ ತೋಳಿನ ಅಂಗಿ, ಮುಟ್ಟಾಳೆ ಇರಲಿ. ಅಡಿಕೆ ಹಾಳೆಯ ಮುಟ್ಟಾಳೆ ಕಿವಿ, ಕತ್ತಿನ ಹಿಂಭಾಗ ಮುಚ್ಚುವುದಿಲ್ಲ, ಅಡಿಯಲ್ಲಿ ಬೈರಾಸು ಇಳಿಬಿಡಿ. ಚಕ್ಕೋತ ಹಣ್ಣು ಬೇಡ, ಅದು ಮದ್ದಿನ ಮಟ್ಟವನ್ನು ಏರಿಸಬಲ್ಲದು.

ಅಸೆನೊಕೌಮರಾಲ್ ಅಥವಾ ವಾರ್ಫರಿನ್ ನುಂಗುವವರಿಗೆ ಅಮಿಯೊಡರಾನ್ ಹೊಸದಾಗಿ ಸೇರಿದರೆ ಐಎನ್‌ಆರ್ ವಾರಗಳ ಕಾಲ ಏರುತ್ತಲೇ ಹೋಗುತ್ತದೆ, ರಕ್ತ ತೆಳು ಮಾಡುವ ಪ್ರಮಾಣವನ್ನು ಮೂರನೇ ಒಂದರಿಂದ ಅರ್ಧದವರೆಗೆ ಇಳಿಸಬೇಕಾಗಬಹುದು. ವಾರವಾರ ಪರೀಕ್ಷೆ ಮಾಡಿಸಿ. ಅಮಿಯೊಡರಾನ್ ನಿಲ್ಲಿಸಿದರೂ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ 'ಅದು ನಿಲ್ಲಿಸಿ ಎರಡು ತಿಂಗಳಾಯಿತು' ಎಂಬುದನ್ನೂ ಹೇಳಬೇಕು.

ಡಿಗಾಕ್ಸಿನ್ ಬಗ್ಗೆ ಎರಡೇ ಮಾತು. ವಾರಕ್ಕೆ 5 ದಿನ ಎಂದು ಬರೆದಿದ್ದರೆ ಬಿಡುವಿನ ಎರಡು ದಿನ ಯಾವುವೆಂದು ಗೊತ್ತುಮಾಡಿಕೊಳ್ಳಿ, ಶನಿ-ಭಾನು ಎಂದಿಟ್ಟರೆ ಮರೆಯುವುದಿಲ್ಲ. ಹಸಿವು ಸತ್ತು, ವಾಕರಿಕೆ ಬಂದು, ದೀಪದ ಸುತ್ತ ಹಳದಿ-ಹಸಿರು ಕಂಡರೆ ಮದ್ದು ಮೈಯಲ್ಲಿ ಹೆಚ್ಚಾಗಿದೆ, ಅದೇ ದಿನ ಆಸ್ಪತ್ರೆಗೆ. ನೀರಿಳಿಸುವ ಮಾತ್ರೆ, ಭೇದಿ, ಜ್ಯೇಷ್ಠಮಧುವಿನ ಕಷಾಯ, ಇವು ಪೊಟ್ಯಾಸಿಯಂ ಇಳಿಸಿ ಈ ವಿಷವನ್ನು ಬೇಗ ತರುತ್ತವೆ.

ಸಣ್ಣ ಕಾಯಿಲೆಗೆ ಅಂಗಡಿಯಿಂದ ತರುವ ಮದ್ದು

ಬೆನ್ನುನೋವಿಗೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್: ರಕ್ತ ತೆಳು ಮಾಡುವ ಮಾತ್ರೆಯ ಮೇಲೆ ಇವು ಬಿದ್ದರೆ ಹೊಟ್ಟೆಯಲ್ಲಿ ಸ್ರಾವವಾಗಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದನ್ನೂ ದಿನಗಟ್ಟಲೆ ತಿಂದರೆ ಐಎನ್‌ಆರ್ ನೋಡಿಸಿ. ಸೊಂಟಕ್ಕೆ, ತೋಳಿಗೆ ಮಾಂಸಖಂಡದ ಸೂಜಿ ಹಾಕುವ ಮೊದಲು 'ರಕ್ತ ತೆಳುವಿನ ಮಾತ್ರೆಯಲ್ಲಿದ್ದೇನೆ' ಎಂದು ನೀವೇ ಹೇಳಿ, ಒಳಗೆ ರಕ್ತ ಕಟ್ಟಿ ತೋಳು ಬಾತುಕೊಳ್ಳುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದು ಬಿಪಿ ಏರಿಸುತ್ತದೆ, ಬಡಿತವನ್ನೂ ಕೆಡಿಸಬಹುದು. ಅಮಿಯೊಡರಾನ್, ಸೊಟಲಾಲ್ ನುಂಗುವವರು ಅಜಿಥ್ರೊಮೈಸಿನ್, ಲಿವೊಫ್ಲಾಕ್ಸಸಿನ್, ವಾಂತಿಗೆ ಕೊಡುವ ಡಾಂಪೆರಿಡೋನ್ ಹೆಸರು ಕೇಳಿದರೆ ತಡೆದು ವಿಚಾರಿಸಬೇಕು. ಇವು ಸೇರಿದರೆ ಇನ್ನೊಂದು ಬಗೆಯ, ಇದಕ್ಕಿಂತ ಅಪಾಯದ ತಾಳತಪ್ಪು ಹುಟ್ಟಬಹುದು. ಮೆಟ್ರೊನಿಡಜೋಲ್, ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್ ಐಎನ್‌ಆರ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ.

ಮಳೆಗಾಲದಲ್ಲಿ ತೋಟ, ಗದ್ದೆಯಲ್ಲಿ ದುಡಿಯುವವರಿಗೆ ಇಲಿಜ್ವರ ಬಾರದಂತೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಹಂಚುತ್ತಾರೆ. ಒಳ್ಳೆಯ ಕೆಲಸ, ಬೇಡ ಎನ್ನಬೇಡಿ. ಆದರೆ ನಿಮ್ಮ ಅಸೆನೊಕೌಮರಾಲ್ ವಿಷಯ ಹೇಳಿ, ಐಎನ್‌ಆರ್ ಒಮ್ಮೆ ಹೆಚ್ಚಾಗಿ ನೋಡಿಸಿ. ಡೆಂಗಿಯ ಸಂಶಯ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಪ್ಲೇಟ್ಲೆಟ್ ಇಳಿಯುವ ಕಾಯಿಲೆಯೂ ರಕ್ತ ತೆಳು ಮಾಡುವ ಮದ್ದೂ ಒಂದೇ ಮೈಯಲ್ಲಿ ಇರಬಾರದು, ಎಷ್ಟು ದಿನ ನಿಲ್ಲಿಸಬೇಕೆಂದು ಅವರು ಹೇಳಲಿ.

ಆಯುರ್ವೇದದ ವೈದ್ಯರಿಗೂ ಈ ಪಟ್ಟಿ ತೋರಿಸಿ. ಅರಿಷ್ಟಗಳಲ್ಲಿ ಹುದುಗಿನಿಂದ ಬರುವ ಮದ್ಯಾಂಶವಿದೆ. ಶೇಂದಿ, ಸಾರಾಯಿ ಹೆಚ್ಚು ಕುಡಿದ ರಾತ್ರಿ ತಾಳ ತಪ್ಪುವುದು ವೈದ್ಯರೆಲ್ಲ ಬಲ್ಲ ಸಂಗತಿ.

ಹಲ್ಲು ಕೀಳಿಸುವ ಮೊದಲು ರಕ್ತ ತೆಳು ಮಾಡುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ವಾರ ಮೊದಲೇ ನಿಲ್ಲಿಸುವುದು ಬಹಳ ಕಡೆ ನಡೆಯುವ, ಬಹಳ ಅಪಾಯದ ಕೆಲಸ. ಒಂದು ಹಲ್ಲಿಗೆ ಹೆಚ್ಚಾಗಿ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ, ಐಎನ್‌ಆರ್ ಹದದಲ್ಲಿದ್ದು ಗಾಯಕ್ಕೆ ಹತ್ತಿ ಕಚ್ಚಿ ಹಿಡಿದರೆ ನಿಲ್ಲುತ್ತದೆ. ದಂತವೈದ್ಯರೂ ಹೃದಯದ ವೈದ್ಯರೂ ಮಾತಾಡಿಕೊಳ್ಳಲಿ.

ತೋಟದ ಕೆಲಸ, ಗಾಯ, ತುರ್ತು

ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವವರು ಅಡಿಕೆ ಮರ ಹತ್ತಬಾರದು. ಮರಕ್ಕೆ ಮದ್ದು ಸಿಂಪಡಿಸುವುದಕ್ಕಾಗಲಿ ಅಡಿಕೆ ಗೊನೆ ಕೊಯ್ಯುವುದಕ್ಕಾಗಲಿ ಉದ್ದದ ದೋಟಿ ಇದೆ, ಆಳು ಇದ್ದಾರೆ. ಅಡಿಕೆ ಸುಲಿಯುವಾಗ ಕೈಗೆ ದಪ್ಪ ಬಟ್ಟೆಯ ಚೀಲ ಹಾಕಿಕೊಳ್ಳಿ. ಕತ್ತಿ ತಾಗಿದರೆ ಶುದ್ಧ ಬಟ್ಟೆಯಿಂದ 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಹೋಗುತ್ತದೆ. ಜಿಗಣೆ ಕಚ್ಚಿದಲ್ಲಿಯೂ ರಕ್ತ ಬೇಗ ನಿಲ್ಲುವುದಿಲ್ಲ, ಅಲ್ಲಿಯೂ ಒತ್ತುವುದೇ ಮದ್ದು. ಮೂಗಿನಿಂದ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ, ಮುಂದಕ್ಕೆ ಬಾಗಿ ಮೂಗಿನ ಮೆತ್ತಗಿನ ಭಾಗ ಹಿಸುಕಿ ಹಿಡಿಯಿರಿ.

ತಲೆಗೆ ಪೆಟ್ಟಾದರೆ, ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು 'ಏನೂ ಆಗಿಲ್ಲ' ಅನ್ನಿಸಿದರೂ, ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ಸ್ರಾವ ಗಂಟೆಗಳ ಮೇಲೆ ತಲೆದೋರುತ್ತದೆ. ಟಾರಿನಂತೆ ಕಪ್ಪು, ಅಂಟಂಟು ಮಲ (ಕಬ್ಬಿಣದ ಮಾತ್ರೆ ತಿನ್ನುವವರಿಗೂ ಕಪ್ಪಾಗುತ್ತದೆ, ಆದರೆ ಅಂಟಿರುವುದಿಲ್ಲ), ಕಾಫಿ ಪುಡಿಯಂಥ ವಾಂತಿ, ಕೆಂಪು ಮೂತ್ರ, ಇವೂ ಕಾಯುವ ಸಂಗತಿಗಳಲ್ಲ.

ಬಾಯಿ ಒಂದು ಬದಿಗೆ ವಾಲಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲಿತು ಎಂದಾದರೆ 108ಕ್ಕೆ ಕರೆ ಮಾಡಿ. ಗಡಿಯ ಎರಡೂ ಬದಿ ಅದೇ ಸಂಖ್ಯೆ. ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟು ಹೇಳಿ. ಹೆಪ್ಪು ಕರಗಿಸುವ ಸೂಜಿಗೆ ನಾಲ್ಕೂವರೆ ಗಂಟೆಯ ಗಡುವು ಇದೆ, ಅದನ್ನು ಕೊಡಬಹುದೇ ಎಂದು ತೀರ್ಮಾನಿಸಲು ಕೊನೆಯ ರಕ್ತ ತೆಳು ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದೆಂದೂ ಕೇಳುತ್ತಾರೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಕಾದು ಕೂರದೆ, ಸಿಟಿ ಸ್ಕ್ಯಾನ್ ಇರುವಲ್ಲಿಗೇ ನೇರ ಹೋಗಬೇಕು. ಅದು ಯಾವುದು, ನಿಮ್ಮ ಮನೆಯಿಂದ ಎಷ್ಟು ಹೊತ್ತಿನ ದಾರಿ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ದಾಸ್ತಾನು ಮತ್ತು ಜೇಬಿನ ಚೀಟಿ

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಚೀಟಿಯ ಮೇಲೆ ಬದುಕಿದ್ದ ಎಷ್ಟೋ ಮನೆಗಳು ಕಂಗಾಲಾದವು. ಮಳೆಗೆ ಗುಡ್ಡ ಕುಸಿದರೂ ಎರಡು ದಿನ ರಸ್ತೆ ನಿಲ್ಲುತ್ತದೆ. ಹಾಳೆಯಲ್ಲಿ 10 ದಿನದ ಮಾತ್ರೆ ಉಳಿದಾಗಲೇ ಮುಂದಿನದ್ದು ತರಿಸಿ, ರಕ್ತ ತೆಳು ಮಾಡುವುದು ಮಾತ್ರ ಯಾವಾಗಲೂ 15 ದಿನದ್ದು ಹೆಚ್ಚಿಗೆ ಇರಲಿ. ಹಳೆಯದನ್ನು ಮೊದಲು ಮುಗಿಸಿ. ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೂ ಮಂಗಳೂರಿನ ಚೀಟಿಯ ನಕಲು ಕೊಟ್ಟಿರಿ. ಬಿಕ್ಕಟ್ಟಿನಲ್ಲಿ ಬರೆದುಕೊಡಬಲ್ಲವರು ಅವರೇ.

ಜೇಬಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಒಂದು ಗಟ್ಟಿ ಚೀಟಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಮಲಯಾಳದಲ್ಲೂ ಬರೆಯಬಲ್ಲವರು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಇರಬೇಕಾದದ್ದು: ಹೆಸರು, ವಯಸ್ಸು, ರಕ್ತದ ಗುಂಪು, 'ಏಟ್ರಿಯಲ್ ಫಿಬ್ರಿಲೇಶನ್', ಕವಾಟದ ತೊಂದರೆ ಇದೆಯೋ ಇಲ್ಲವೋ, ರಕ್ತ ತೆಳು ಮಾಡುವ ಮಾತ್ರೆಯ ರಾಸಾಯನಿಕ ಹೆಸರು, ಮಿ.ಗ್ರಾಂ, ನುಂಗುವ ಹೊತ್ತು, ಕೊನೆಯ ಐಎನ್‌ಆರ್ ಅಥವಾ ಕ್ರಿಯಾಟಿನಿನ್ ಮತ್ತು ಅದರ ದಿನಾಂಕ, ಆಗದ ಮದ್ದು, ಫೋನ್ ಎತ್ತುವ ಒಬ್ಬರ ಸಂಖ್ಯೆ. ಪ್ರಮಾಣ ಬದಲಾದ ದಿನವೇ ಹಳೆಯ ಚೀಟಿ ಹರಿದು ಹೊಸತು ಬರೆಯಿರಿ. ಪೆನ್ಸಿಲಿನಲ್ಲಿ ಬೇಡ, ಬೆವರಿಗೆ ಅಳಿಸಿಹೋಗುತ್ತದೆ.